ಚಾರ್ಜು, ಲೋಡು, ಫೋನು: ಹೆಸರೂ ಆಗುವ, ಕ್ರಿಯೆಯೂ ಆಗುವ ಪದಗಳು

(ಕೊಪ್ಪಳದಲ್ಲಿ ಭಾಷಾ ಅಧ್ಯಾಪಕರು ಮತ್ತು ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೆ,

ಇಂಗ್ಲಿಷಿನ ಅತಿ ಸಾಮಾನ್ಯ ಪದಗಳಲ್ಲಿ ಬಹಳಷ್ಟು ಪದಗಳು, ಒಂದಕ್ಷರವೂ ಬದಲಾಗದೆ, ಒಂದು ವಾಕ್ಯದಲ್ಲಿ ನಾಮಪದವಾಗಿ, ಇನ್ನೊಂದರಲ್ಲಿ ಕ್ರಿಯಾಪದವಾಗಿ ನಿಲ್ಲುತ್ತವೆ. ವರ್ಕ್, ಹೆಲ್ಪ್, ಆನ್ಸರ್, ಪ್ಲಾಂಟ್, ಫೋನ್, ಲೋಡ್, ಚಾರ್ಜ್, ಯೂಸ್ ಇವೆಲ್ಲ ಆ ಗುಂಪಿನವು. ನಮ್ಮ ಭಾಗದ ವಿದ್ಯಾರ್ಥಿಗಳು ಇಂಗ್ಲಿಷ್ ವಾಕ್ಯ ಕಟ್ಟುವಾಗ ಎಡವುವ ಜಾಗಗಳಲ್ಲಿ ಇದು ಮುಖ್ಯವಾದದ್ದು ಎಂದು ನಾನು ತಿಳಿದಿದ್ದೇನೆ. ಆದರೂ ಇದನ್ನು ಪ್ರತ್ಯೇಕ ಪಾಠವಾಗಿ ಕಲಿಸುವುದು ಅಪರೂಪ. ಕಲಿಸಿದರೂ ಕನ್ನಡಕ್ಕೆ ಸಂಬಂಧವೇ ಇಲ್ಲದ, ಇಂಗ್ಲಿಷಿಗೆ ಮಾತ್ರ ಸೇರಿದ ಒಂದು ವಿಚಿತ್ರವೆಂಬಂತೆ ಕಲಿಸುತ್ತೇವೆ. ಹಾಗಲ್ಲ ಎಂಬುದನ್ನು ಹೇಳಲಿಕ್ಕೆ ನಾನು ಇಲ್ಲಿ ನಿಂತಿದ್ದೇನೆ. ಒಂದೇ ಪದ ಎರಡು ಕೆಲಸ ಮಾಡುವುದನ್ನು ನಮ್ಮ ಮಕ್ಕಳು ಶಾಲೆಗೆ ಬರುವ ಮೊದಲೇ ಕನ್ನಡದಲ್ಲಿ ಕಲಿತಿರುತ್ತಾರೆ. ಆ ಅರಿವನ್ನು ಬಳಸಿಕೊಳ್ಳದೆ ಪಾಠ ಮಾಡುವುದರಿಂದಲೇ ಈ ತೊಡಕು ದೊಡ್ಡದಾಗಿದೆ.

ಮೊದಲು ಚಾರ್ಜ್ ಎಂಬ ಒಂದು ಪದವನ್ನು ಕೈಗೆತ್ತಿಕೊಳ್ಳೋಣ. ಇಂಗ್ಲಿಷ್ ಓದದವರೂ ನಮ್ಮಲ್ಲಿ ಇದನ್ನು ದಿನವೂ ಆಡುತ್ತಾರೆ. ಗಂಗಾವತಿಗೆ ಹೊರಟವರು ‘ಬಸ್ ಚಾರ್ಜ್ ಎಷ್ಟಾಗೇತಿ’ ಎಂದು ಕೇಳುತ್ತಾರೆ. ಹೊಸ ತಹಶೀಲ್ದಾರರು ಬಂದರೆ ‘ನಿನ್ನೆ ಚಾರ್ಜ್ ತೊಗೊಂಡ್ರು’ ಎನ್ನುತ್ತಾರೆ. ಪೊಲೀಸರು ಚಾರ್ಜ್‌ಶೀಟ್ ಹಾಕುತ್ತಾರೆ, ಗಲಾಟೆಯಾದರೆ ಲಾಠಿ ಚಾರ್ಜ್ ಮಾಡುತ್ತಾರೆ. ಮೊಬೈಲನ್ನು ಚಾರ್ಜಿಗೆ ಹಚ್ಚುತ್ತೇವೆ; ಅದು ಚಾರ್ಜ್ ಆಗುತ್ತದೆ, ಸಂಜೆಯ ಹೊತ್ತಿಗೆ ಚಾರ್ಜು ಇಳಿಯುತ್ತದೆ. ಇಷ್ಟು ಬೇರೆ ಬೇರೆ ಅರ್ಥಗಳು ಒಂದೇ ಪದಕ್ಕೆ ಎಲ್ಲಿಂದ ಬಂದವು? ಲ್ಯಾಟಿನ್ ಭಾಷೆಯಲ್ಲಿ ಗಾಡಿಗೆ ‘ಕಾರ್ರುಸ್’ ಎನ್ನುವ ಪದವಿತ್ತು. ಅದರಿಂದ ಗಾಡಿಗೆ ಹೇರು ಹೇರುವುದು ಎಂಬ ಅರ್ಥದ ಕ್ರಿಯಾಪದ ಹುಟ್ಟಿತು. ಅದು ಹಳೆಯ ಫ್ರೆಂಚ್ ದಾರಿಯಾಗಿ ಇಂಗ್ಲಿಷಿಗೆ ಬಂದು ಚಾರ್ಜ್ ಆಯಿತು. ಹೇರು ಎಂದರೆ ಭಾರ. ಭಾರವೆಂದರೆ ಹೊಣೆ, ಆದ್ದರಿಂದ ಅಧಿಕಾರಿ ಚಾರ್ಜ್ ತೆಗೆದುಕೊಳ್ಳುತ್ತಾನೆ. ಹಣದ ಭಾರವೇ ಬಸ್ ಚಾರ್ಜು. ತಲೆಯ ಮೇಲೆ ಹೊರಿಸಿದ ತಪ್ಪಿನ ಭಾರ ಆರೋಪವಾಯಿತು. ನಾವೂ ಆರೋಪವನ್ನು ‘ಹೊರಿಸುತ್ತೇವೆ’ ಎಂಬುದನ್ನು ಇಲ್ಲಿ ಗಮನಿಸಬೇಕು. ಬಂದೂಕಿಗೆ ಮದ್ದು ತುಂಬುವುದೂ ಒಂದು ಬಗೆಯ ಹೇರುವಿಕೆಯೇ. ಅಲ್ಲಿಂದ ಮುಂದೆ ವಿದ್ಯುತ್ ತುಂಬುವುದಕ್ಕೂ ಅದೇ ಪದ ಸಾಗಿತು. ಕಾರು, ಕಾರ್ಗೋ ಎಂಬ ಪದಗಳೂ ಇದೇ ಬೇರಿನವು.

ಇಂಗ್ಲಿಷಿನಲ್ಲಿ ಈ ಅರ್ಥಗಳೆಲ್ಲ ನಾಮಪದದಲ್ಲೂ ಇವೆ, ಕ್ರಿಯಾಪದದಲ್ಲೂ ಇವೆ. ಕನ್ನಡಕ್ಕೆ ಬಂದಾಗ ಏನಾಯಿತು ಎಂಬುದು ಹೆಚ್ಚು ಕುತೂಹಲದ ಸಂಗತಿ. ಮೇಲಿನ ಉದಾಹರಣೆಗಳನ್ನು ಮತ್ತೊಮ್ಮೆ ನೋಡಿ: ತೊಗೊ, ಹಾಕು, ಮಾಡು, ಹಚ್ಚು, ಆಗು, ಇಳಿ. ಕ್ರಿಯೆಯನ್ನು ಹೇಳುವ ಪ್ರತಿಯೊಂದು ಪದವೂ ಕನ್ನಡದ್ದು. ಚಾರ್ಜ್ ಎನ್ನುವುದು ನಮ್ಮಲ್ಲಿ ಹೆಸರಾಗಿ ಮಾತ್ರ ಒಳಗೆ ಬಂದಿದೆ. ಅದು ಕ್ರಿಯೆಯಾಗಬೇಕಾದಾಗ ಕನ್ನಡದ ಕ್ರಿಯಾಪದವೊಂದು ಪಕ್ಕದಲ್ಲಿ ನಿಂತು ಅದನ್ನು ನಡೆಸುತ್ತದೆ. ಇಂಗ್ಲಿಷಿನಲ್ಲಿ ಬರೀ ಕ್ರಿಯಾಪದಗಳಾಗಿರುವ ಅಡ್ಜಸ್ಟ್, ಅಪ್ಲೈ ಮೊದಲಾದವಕ್ಕೂ ನಾವು ಇದನ್ನೇ ಮಾಡುತ್ತೇವೆ. ಕ್ರಿಯಾಪದವೂ ಅಲ್ಲದ ಆನ್, ಆಫ್‌ಗಳಿಗೂ ಮಾಡು ಹಚ್ಚಿ ‘ಫ್ಯಾನ್ ಆನ್ ಮಾಡು’ ಎನ್ನುತ್ತೇವೆ. ಬಂದ ಪದ ಅಲ್ಲಿ ಏನಾಗಿತ್ತು ಎಂದು ಕನ್ನಡ ಕೇಳುವುದಿಲ್ಲ.

ಹೀಗೆ ಪಕ್ಕದಲ್ಲಿ ನಿಲ್ಲುವ ಕ್ರಿಯಾಪದವನ್ನು ಆರಿಸುವುದರಲ್ಲಿ ನಮ್ಮ ಜನರ ಭಾಷಾಪ್ರಜ್ಞೆ ಬಹಳ ಸೂಕ್ಷ್ಮವಾಗಿ ಕೆಲಸ ಮಾಡುತ್ತದೆ. ಬ್ರೇಕ್ ಹಾಕುತ್ತೇವೆ, ಹಾರ್ನ್ ಹೊಡೆಯುತ್ತೇವೆ, ಪರೀಕ್ಷೆಯಲ್ಲಿ ಕಾಪಿ ಹೊಡೆಯುತ್ತಾರೆ, ಡ್ಯೂಟಿ ಮಾಡುತ್ತಾರೆ. ಫೋನನ್ನು ಹಚ್ಚುತ್ತೇವೆ, ಎತ್ತುತ್ತೇವೆ, ಇಡುತ್ತೇವೆ. ‘ಅವನಿಗೊಂದು ಫೋನ್ ಹಚ್ಚು’ ಎಂಬ ನಮ್ಮ ಭಾಗದ ಮಾತಿನಲ್ಲಿ, ಕರೆ ಸೇರಿಸುವ ಕ್ರಿಯೆಗೆ ದೀಪ ಹಚ್ಚುವ, ಮುಲಾಮು ಹಚ್ಚುವ, ಕೆಲಸಕ್ಕೆ ಹಚ್ಚುವ ಹಳೆಯ ಕನ್ನಡ ಧಾತುವೇ ಒದಗಿದೆ. ಯಾವ ಶಾಲೆಯಲ್ಲೂ ಇದನ್ನು ಕಲಿಸಿದವರಿಲ್ಲ.

ಇಂಗ್ಲಿಷ್ ಒಂದೇ ರೂಪಕ್ಕೆ ಬಿಟ್ಟುಕೊಟ್ಟ ಇನ್ನೊಂದು ಭೇದವನ್ನು ಮಾಡು ಮತ್ತು ಆಗು ಎಂಬ ಜೋಡಿ ತೆರೆದು ತೋರಿಸುತ್ತದೆ. ಗಾಡಿಯನ್ನು ಒಬ್ಬರು ಚಾಲೂ ಮಾಡಿದರೂ, ಗಾಡಿ ತಾನೇ ಚಾಲೂ ಆದರೂ ಇಂಗ್ಲಿಷಿನಲ್ಲಿ ಸ್ಟಾರ್ಟ್ ಎಂಬುದೊಂದೇ ಕ್ರಿಯಾಪದ. ನಮಗೆ ‘ಸ್ಟಾರ್ಟ್ ಮಾಡಿದೆ’ ಬೇರೆ, ‘ಸ್ಟಾರ್ಟ್ ಆತು’ ಬೇರೆ. ಕಾರಟಗಿಯ ಯಾವುದಾದರೂ ಅಕ್ಕಿ ಗಿರಣಿಯ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು ಕೇಳಿದರೆ ಲೋಡ್ ಎಂಬ ಪದದ ಸಂಸಾರವೆಲ್ಲ ಕಿವಿಗೆ ಬೀಳುತ್ತದೆ: ‘ಎರಡು ಲೋಡು ನೆಲ್ಲು ಬಂತು’, ‘ಲಾರಿ ಲೋಡ್ ಮಾಡ್ರಿ’, ‘ಲೋಡ್ ಆತು, ಹಗ್ಗ ಬಿಗೀರಿ’, ‘ಓವರ್‌ಲೋಡ್ ಆಗೇತಿ, ನಾಕು ಚೀಲ ಇಳಸ್ರಿ’. ಹೆಸರಾಗಿ ನಿಂತಾಗ ಅದು ಕನ್ನಡದ ಉಕಾರವನ್ನು ಪಡೆದು ‘ಲೋಡು’ ಆಗುತ್ತದೆ, ಲೋಡಿಗೆ, ಲೋಡಿನ, ಲೋಡುಗಳು ಎಂದು ವಿಭಕ್ತಿ, ಬಹುವಚನಗಳನ್ನು ತೆಗೆದುಕೊಳ್ಳುತ್ತದೆ. ಮಾಡು ಅಥವಾ ಆಗು ಜೊತೆಗೆ ಬಂದಾಗ ಸಾಮಾನ್ಯವಾಗಿ ಆ ಉಕಾರವೂ ಇಲ್ಲ, ವಿಭಕ್ತಿಯೂ ಇಲ್ಲ.

ಈ ವಿಭಕ್ತಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಾಮಪದ ಮತ್ತು ಕ್ರಿಯಾಪದದ ಗಡಿ ಕನ್ನಡದಲ್ಲಿ ಎಲ್ಲಿದೆ ಎಂಬುದು ಇಲ್ಲಿ ಕಾಣುತ್ತದೆ. ‘ನಾನು ಫೋನ್ ಮಾಡಿದೆ’ ಎಂದರೆ ಕರೆ ಮಾಡಿದೆ ಎಂದರ್ಥ. ‘ನಾನು ಫೋನನ್ನು ಮಾಡಿದೆ’ ಎಂದರೆ ಫೋನ್ ಎಂಬ ಯಂತ್ರವನ್ನು ತಯಾರಿಸಿದೆ ಎಂದಾಗುತ್ತದೆ. ಅನ್ನು ಎಂಬ ಒಂದು ಪ್ರತ್ಯಯ ಸೇರಿದ ಕೂಡಲೇ ಫೋನ್ ಪೂರ್ತಿ ನಾಮಪದವಾಗಿ, ಕರ್ಮಪದವಾಗಿ ದೂರ ಸರಿದುಬಿಡುತ್ತದೆ. ಪ್ರತ್ಯಯ ಇಲ್ಲದಾಗ ಅದು ಮಾಡು ಎಂಬುದರೊಳಗೆ ಹೊಲಿದುಕೊಂಡಿರುತ್ತದೆ. ‘ಲಾರಿಯನ್ನು ಲೋಡ್ ಮಾಡಿದರು’ ಎಂಬಲ್ಲಿ ಕರ್ಮಪದದ ಜಾಗವನ್ನು ಲಾರಿ ಪಡೆದಿದೆ. ಲೋಡ್ ಕ್ರಿಯೆಯ ಭಾಗವಾಗಿದೆ. ಎಂದೂ ವ್ಯಾಕರಣ ಓದದ ಹಮಾಲರೂ ಈ ನಿಯಮವನ್ನು ಮೀರುವುದಿಲ್ಲ.

ಈ ವಿಧಾನ ಇಂಗ್ಲಿಷಿನೊಂದಿಗೆ ಶುರುವಾದದ್ದೂ ಅಲ್ಲ. ರಾಯಚೂರು, ಕೊಪ್ಪಳಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಕಚೇರಿಯ ಭಾಷೆ ಉರ್ದುವಾಗಿತ್ತು. ಜಮಾ ಮಾಡು, ವಸೂಲಿ ಮಾಡು, ರದ್ದು ಮಾಡು, ಜಪ್ತಿ ಮಾಡು, ಮಾಫಿ ಮಾಡು, ಸುರು ಮಾಡು ಎಂದು ಆ ಪದಗಳನ್ನೂ ನಮ್ಮ ಹಿರಿಯರು ಹೀಗೆಯೇ ಒಳಗೆ ಕರೆದುಕೊಂಡರು. ಬಳ್ಳಾರಿ 1953ರವರೆಗೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿ ಕನ್ನಡದ ಪಕ್ಕದಲ್ಲೇ ಬದುಕುವ ತೆಲುಗು ಕೂಡ ತನ್ನ ‘ಮಾಡು’ವನ್ನು ಹಚ್ಚಿಯೇ ಇಂಗ್ಲಿಷ್ ಪದಗಳನ್ನು ಕ್ರಿಯೆಯಾಗಿಸುತ್ತದೆ. ಉರ್ದುವೂ ಹಾಗೆಯೇ ಮಾಡುತ್ತದೆ. ನಮ್ಮ ಮೂರು ಜಿಲ್ಲೆಗಳಲ್ಲಿ ಮಗು ಮನೆಯಲ್ಲಿ ಕನ್ನಡ, ತೆಲುಗು, ಉರ್ದು ಯಾವುದನ್ನು ಆಡಿದರೂ, ಇಂಗ್ಲಿಷಿನ ಹತ್ತಿರ ಬರುವಾಗ ಅದರ ಬಾಯಲ್ಲಿ ‘ಮಾಡು’ ಎಂಬುದು ಸಿದ್ಧವಾಗಿರುತ್ತದೆ ಎಂಬುದನ್ನು ಅಧ್ಯಾಪಕರು ನೆನಪಿಡಬೇಕು.

ಕನ್ನಡಕ್ಕೆ ಇನ್ನೊಂದು ದಾರಿಯೂ ಇದೆ, ಅದು ಇಸು ಪ್ರತ್ಯಯ. ಆರಂಭ ಆರಂಭಿಸು ಆಯಿತು, ಯೋಚನೆಯ ಜೊತೆಗೆ ಯೋಚಿಸು ಬಂತು. ಸಂಸ್ಕೃತದ ಪದಗಳು ಹೆಚ್ಚಾಗಿ ಈ ದಾರಿಯಲ್ಲಿ ನಡೆದವು. ರವಾನಿಸು, ಜಮಾಯಿಸು, ನಿಭಾಯಿಸು ಎಂದು ಪಾರಸಿ, ಉರ್ದು, ಹಿಂದಿಯ ಕೆಲವು ಪದಗಳೂ ಇದೇ ದಾರಿ ಹಿಡಿದವು. ಇಂಗ್ಲಿಷ್ ಪದಗಳಿಗೆ ಈ ಪ್ರತ್ಯಯ ಬಹಳ ಕಾಲ ಅಂಟಲಿಲ್ಲ. ಈಗ ಪತ್ರಿಕೆಗಳಲ್ಲಿ ‘ಸೆಲ್ಫಿ ಕ್ಲಿಕ್ಕಿಸಿಕೊಂಡರು’ ಎಂದು ಓದುತ್ತೇವೆ. ಟೈಪಿಸು ಎಂಬುದೂ ಬಳಕೆಯಲ್ಲಿದೆ. ಇದನ್ನು ಕೆಲವರು ಭಾಷೆಯ ಕೆಡುಕು ಎಂದು ಬೇಸರಪಡುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕ್ಲಿಕ್ ಎಂಬುದಕ್ಕೆ ದ್ವಿತ್ವ ಕೊಟ್ಟು, ಇಸು ಹಚ್ಚಿ, ಕ್ಲಿಕ್ಕಿಸಿದಳು, ಕ್ಲಿಕ್ಕಿಸುವಾಗ, ಕ್ಲಿಕ್ಕಿಸದೆ ಎಂದು ಎಲ್ಲ ರೂಪಗಳಲ್ಲೂ ನಡೆಸಬಲ್ಲ ಭಾಷೆ ಜೀವಂತವಾಗಿದೆ, ಗಟ್ಟಿಯಾಗಿದೆ ಎಂದೇ ನಾನು ತಿಳಿಯುತ್ತೇನೆ.

ಇನ್ನು ನಮ್ಮದೇ ಪದಗಳ ಕಡೆಗೆ ಬರೋಣ. ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನೆಲೆಗಳನ್ನು ಹೇಳುವಾಗ ಕೊಪಣನಗರವನ್ನು, ಅಂದರೆ ಇದೇ ಕೊಪ್ಪಳವನ್ನು ಹೆಸರಿಸುತ್ತದೆ. ಅಂಥ ಊರಿನಲ್ಲಿ ನಿಂತು ಕನ್ನಡದ ಧಾತುಗಳ ಮಾತನ್ನು ಆಡದೆ ಹೋಗುವುದು ಸರಿಯಲ್ಲ. ನಗು, ಅಳು, ನಡೆ, ನುಡಿ, ಓದು, ಹಾಡು, ಕೂಗು, ಕೆಮ್ಮು, ಸೀನು, ಬಾಳು, ಸೋಲು, ಸುತ್ತು, ಕಟ್ಟು, ಒದೆ. ಇವು ಹೆಸರುಗಳೇ, ಕ್ರಿಯೆಗಳೇ? ಎರಡೂ ಹೌದು. ‘ಅವಳ ನಗು ಚೆಂದ’ ಎಂದಾಗ ಹೆಸರು, ‘ಸ್ವಲ್ಪ ನಗು’ ಎಂದಾಗ ಕ್ರಿಯೆ. ‘ಒಂದು ಹಾಡು ಹಾಡು’ ಎಂದು ತಾಯಿ ಮಗುವಿಗೆ ಹೇಳುತ್ತಾಳೆ. ಒಂದೇ ಉಚ್ಚಾರದ ಎರಡು ಪದಗಳು ಅಕ್ಕಪಕ್ಕದಲ್ಲಿ ನಿಂತಿವೆ, ಮೊದಲನೆಯದು ಹೆಸರು, ಎರಡನೆಯದು ಕ್ರಿಯೆ, ಮತ್ತು ಐದು ವರ್ಷದ ಮಗುವಿಗೂ ಗೊಂದಲವಾಗುವುದಿಲ್ಲ. ‘ಗುಡಿಗೆ ಒಂದು ಸುತ್ತು ಸುತ್ತು’ ಎಂಬುದೂ ಹೀಗೆಯೇ. ತುಂಗಭದ್ರಾ ಕಾಲುವೆಯ ಕೆಳಗಿನ ರೈತರು ‘ವರ್ಷಕ್ಕೆ ಎರಡು ಬೆಳೆ ಬೆಳೀತೀವಿ’ ಎನ್ನುವಾಗ ಬೆಳೆ ಎಂಬ ಧಾತು ಹೆಸರಾಗಿ ಒಮ್ಮೆ, ಕ್ರಿಯೆಯಾಗಿ ಒಮ್ಮೆ ಬಂದಿರುತ್ತದೆ.

ಎಲ್ಲ ಧಾತುಗಳೂ ಹೀಗೆ ನಡೆಯುವುದಿಲ್ಲ. ಕೆಲವು ತಮ್ಮ ಮೊದಲ ಸ್ವರವನ್ನು ದೀರ್ಘ ಮಾಡಿಕೊಂಡು ಹೆಸರಾಗುತ್ತವೆ: ಕೆಡು ಕೇಡಾಯಿತು, ಪಡು ಪಾಡಾಯಿತು, ಬಿಡು ಬೀಡಾಯಿತು. ಕೆಲವಕ್ಕೆ ಪ್ರತ್ಯಯವೇ ಬೇಕು: ಆಡು ಆಟ, ಓಡು ಓಟ, ನೋಡು ನೋಟ, ಕೂಡು ಕೂಟ. ಸೋಲು ಎರಡೂ ಕೆಲಸ ಮಾಡುತ್ತದೆ. ಗೆಲ್ಲು ಮಾತ್ರ ಗೆಲುವು ಆಗಬೇಕು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಧಾತುಗಳಿಗೆ ಪ್ರತ್ಯೇಕ ಪ್ರಕರಣವನ್ನೇ ಇಟ್ಟಿದ್ದಾನೆ. ಇಂಥ ಪದ ಎರಡಾಗಿ ಎಣಿಕೆಯಾಗಬೇಕೆ, ಒಂದಾಗಿಯೆ ಎಂಬುದು ನಿಘಂಟುಕಾರರಿಗೆ ನಿಜವಾದ ಪ್ರಶ್ನೆ. ಫರ್ಡಿನಾಂಡ್ ಕಿಟ್ಟೆಲ್ ತಮ್ಮ 1894ರ ನಿಘಂಟಿನಲ್ಲಿ ಇಂಥ ಪದಗಳ ಕ್ರಿಯಾರೂಪ ಮತ್ತು ನಾಮರೂಪಗಳಿಗೆ ಬೇರೆ ಬೇರೆ ಸಂಖ್ಯೆ ಕೊಟ್ಟು ಎರಡು ನಮೂದುಗಳನ್ನಾಗಿ ಇಟ್ಟರು. ಅದು ಒಳ್ಳೆಯ ತೀರ್ಮಾನವೆಂದು ನನ್ನ ಅಭಿಪ್ರಾಯ.

ಹಾಗಾದರೆ ಇಂಗ್ಲಿಷಿನಲ್ಲಿ ಈ ಗುಣ ಕನ್ನಡಕ್ಕಿಂತ ಇಷ್ಟೊಂದು ಹೆಚ್ಚಾಗಿ ಏಕಿದೆ? ಸಾವಿರ ವರ್ಷದ ಹಿಂದಿನ ಇಂಗ್ಲಿಷ್ ಹೀಗಿರಲಿಲ್ಲ. ಅಂದು ಪದಗಳ ಕೊನೆಯಲ್ಲಿ ಪ್ರತ್ಯಯಗಳಿದ್ದವು. ಪ್ರೀತಿ ಎಂಬ ಹೆಸರಿಗೆ ‘ಲುವು’ ಎಂಬ ರೂಪ, ಪ್ರೀತಿಸು ಎಂಬ ಕ್ರಿಯೆಗೆ ‘ಲುವಿಯನ್’ ಎಂಬ ರೂಪ ಇತ್ತು. ಕಿವಿಗೆ ಬಿದ್ದ ತಕ್ಷಣ ಯಾವುದು ಯಾವುದೆಂದು ತಿಳಿಯುತ್ತಿತ್ತು. ಮುಂದಿನ ಕೆಲವು ಶತಮಾನಗಳಲ್ಲಿ ಆ ಕೊನೆಯ ಸ್ವರಗಳು ಸವೆದು, ಕೊನೆಗೆ ಬಿದ್ದೇ ಹೋದವು. ಎರಡೂ ರೂಪಗಳು ಕೂಡಿ ಒಂದೇ ಲವ್ ಉಳಿಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಫ್ರೆಂಚಿನಿಂದ ಬಂದ ಅಸಂಖ್ಯ ಪದಗಳೂ ಇದೇ ಅಚ್ಚಿಗೆ ಬಿದ್ದವು. ಬಾಲದ ಗುರುತು ಹೋದ ಮೇಲೆ ಯಾವ ಹೆಸರನ್ನಾದರೂ ಎತ್ತಿ ಕ್ರಿಯೆಯ ಜಾಗದಲ್ಲಿ ಇಡಲು ಅಡ್ಡಿಯೇ ಉಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೆನ್ರಿ ಸ್ವೀಟ್ ಎಂಬ ವ್ಯಾಕರಣಕಾರ ಇದಕ್ಕೆ ‘ಕನ್ವರ್ಷನ್’ ಎಂದು ಹೆಸರಿಟ್ಟ. ನಾವು ಪದದ ವರ್ಗಾಂತರ ಎನ್ನಬಹುದು.

ಅಲ್ಲಿಯೂ ಇದಕ್ಕೆ ವಿರೋಧವಿತ್ತು. ಬೆಂಜಮಿನ್ ಫ್ರಾಂಕ್ಲಿನ್ 1789ರಲ್ಲಿ ನಿಘಂಟುಕಾರ ನೋವಾ ವೆಬ್‌ಸ್ಟರ್‌ಗೆ ಬರೆದ ಪತ್ರದಲ್ಲಿ ನೋಟಿಸ್, ಅಡ್ವೊಕೇಟ್, ಪ್ರೋಗ್ರೆಸ್ ಎಂಬ ನಾಮಪದಗಳನ್ನು ಜನ ಕ್ರಿಯಾಪದವಾಗಿ ಬಳಸುತ್ತಿದ್ದಾರೆಂದು ದೂರಿದ. ಇಂದು ಆ ಮೂರನ್ನೂ ಕ್ರಿಯಾಪದವಾಗಿ ಬಳಸದ ಇಂಗ್ಲಿಷ್ ಪತ್ರಿಕೆಯೇ ಇಲ್ಲ. 1880ರಲ್ಲಿ ಐರ್ಲೆಂಡಿನ ರೈತರು ಚಾರ್ಲ್ಸ್ ಬಾಯ್ಕಾಟ್ ಎಂಬ ಜಮೀನು ಮೇಲ್ವಿಚಾರಕನಿಗೆ ಬಹಿಷ್ಕಾರ ಹಾಕಿದರು. ಅವನ ಹೆಸರು ಕೂಡಲೇ ನಾಮಪದವೂ ಆಯಿತು, ಕ್ರಿಯಾಪದವೂ ಆಯಿತು.

ಒಂದೇ ರೂಪಕ್ಕೆ ಎಲ್ಲವನ್ನೂ ಬಿಟ್ಟುಕೊಡುವುದರಿಂದ ಇಂಗ್ಲಿಷಿಗೆ ಬಿಗಿತ ಸಿಕ್ಕಿದೆ, ಆದರೆ ಅದಕ್ಕೆ ಬೆಲೆಯನ್ನೂ ತೆತ್ತಿದೆ. ವಾಟರ್ ಎಂಬ ಪದವನ್ನು ನೋಡಿ. ಗಿಡಕ್ಕೆ ನೀರು ಹಾಕುವುದು, ದನಕ್ಕೆ ನೀರು ಕುಡಿಸುವುದು, ಹೊಲಕ್ಕೆ ನೀರು ಕಟ್ಟುವುದು, ಈ ಎಲ್ಲದಕ್ಕೂ ಅವರು ವಾಟರ್ ಎಂಬ ಕ್ರಿಯಾಪದವೊಂದನ್ನೇ ಬಳಸಬಹುದು. ನಮ್ಮ ಎಡದಂಡೆ ಕಾಲುವೆಯ ರೈತನಿಗೆ ‘ಕಾಲುವೆಗೆ ನೀರು ಬಿಟ್ರು’ ಎಂಬುದು ಜಲಾಶಯದವರ ಕೆಲಸ, ‘ನೀರು ಹಾಯ್ಸೂದು’ ಕಾಲುವೆಯಿಂದ ಹೊಲಕ್ಕೆ ಹರಿಸುವ ಕೆಲಸ, ‘ನೀರು ಕಟ್ಟೂದು’ ಸನಿಕೆ ಹಿಡಿದು ಮಡಿ ಮಡಿಗೆ ತಿರುಗಿಸುವ ಅವನ ಸ್ವಂತ ಕೆಲಸ. ಮೂರಕ್ಕೂ ಹೊಣೆಗಾರರು ಬೇರೆ, ಹೊತ್ತು ಬೇರೆ, ಜಗಳ ಬೇರೆ. ಈ ವಿವರವನ್ನು ಹೇಳುವ ಶಕ್ತಿ ಬಿಡು, ಹಾಯಿಸು, ಕಟ್ಟು ಎಂಬ ನಮ್ಮ ಕ್ರಿಯಾಪದಗಳಲ್ಲಿದೆ. ಒಬ್ಬ ವಿದ್ಯಾರ್ಥಿ ಸಿಂಧನೂರಿನ ತನ್ನ ಹೊಲದ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವಾಗ ತಡವರಿಸಿದರೆ, ಅವನಿಗೆ ಪದ ಗೊತ್ತಿಲ್ಲವೆಂದು ತಿಳಿಯಬಾರದು. ಅವನಿಗೆ ಹೆಚ್ಚು ಗೊತ್ತಿರುವುದರಿಂದಲೂ ಅವನು ತಡವರಿಸುತ್ತಿರಬಹುದು.

ಈಗ ತರಗತಿಯ ಮಾತು. ‘ಐ ವಿಲ್ ಡೂ ಫೋನ್ ಟು ಹಿಮ್’ ಎಂಬ ವಾಕ್ಯವನ್ನು ಕೇಳದ ಅಧ್ಯಾಪಕರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಇದರಲ್ಲಿ ಎರಡು ತಪ್ಪುಗಳಿವೆ, ಎರಡಕ್ಕೂ ಮೂಲ ಕನ್ನಡದ ಸರಿಯಾದ ನಿಯಮವೇ. ‘ಡೂ’ ಬಂದದ್ದು ಮಾಡು ಎಂಬುದರಿಂದ. ‘ಟು’ ಬಂದದ್ದು ‘ಅವನಿಗೆ’ ಎಂಬುದರ ಗೆ ಪ್ರತ್ಯಯದಿಂದ. ಕೆಂಪು ಶಾಯಿಯಲ್ಲಿ ಗೆರೆ ಎಳೆದರೆ ಈ ತಪ್ಪು ಹೋಗುವುದಿಲ್ಲ. ಮಗುವಿಗೆ ಹೇಳಬೇಕಾದದ್ದು ಇಷ್ಟು: ಕನ್ನಡದಲ್ಲಿ ಪದ ಹೆಸರೋ ಕ್ರಿಯೆಯೋ ಎಂಬುದನ್ನು ಹೆಚ್ಚಾಗಿ ಅದರ ಕೊನೆಗೆ ಸೇರುವ ಪ್ರತ್ಯಯ ಹೇಳುತ್ತದೆ, ನಗುವನ್ನು ಮತ್ತು ನಗುತ್ತಾಳೆ ಎಂಬಂತೆ. ಇಂಗ್ಲಿಷಿನಲ್ಲಿ ಅದನ್ನು ಹೆಚ್ಚಾಗಿ ಪದದ ಮುಂಚೆ ಬರುವ ಪದಗಳು ಹೇಳುತ್ತವೆ. ಎ, ದಿ, ಮೈ, ದಿಸ್ ಮುಂಚೆ ಬಂದರೆ ಹೆಸರು. ಟು, ವಿಲ್, ಕ್ಯಾನ್ ಬಂದರೆ, ಅಥವಾ ಐ, ವೀ, ದೇ ಎಂಬ ಕರ್ತೃಪದ ನೇರವಾಗಿ ಬಂದರೆ, ಸಾಮಾನ್ಯವಾಗಿ ಕ್ರಿಯೆ. ಟು ಎಂಬುದು ಹೆಸರಿನ ಮುಂಚೆಯೂ ಬರುತ್ತದೆಯಾದ್ದರಿಂದ ಅದೊಂದರಲ್ಲಿ ಎಚ್ಚರ ಬೇಕು. ಈ ಮಾತನ್ನು ‘ಹಾಡು ಹಾಡು’ ಎಂಬ ಕನ್ನಡ ವಾಕ್ಯದಿಂದ ಆರಂಭಿಸಿದರೆ ಮಕ್ಕಳು ಬೇಗ ಹಿಡಿಯುತ್ತಾರೆ, ಏಕೆಂದರೆ ಅಲ್ಲಿ ಪ್ರತ್ಯಯವೇ ಇಲ್ಲ. ಜಾಗವನ್ನು ನೋಡಿಯೇ ಅರ್ಥ ಮಾಡಿಕೊಂಡಿರುತ್ತಾರೆ. ಅಲ್ಲಿಂದ ‘ಎ ಫೋನ್’ ಮತ್ತು ‘ಐ ಫೋನ್ಡ್ ಹಿಮ್’ ಎಂಬಲ್ಲಿಗೆ ದೂರ ಹೆಚ್ಚಿಲ್ಲ.

ಬರವಣಿಗೆಯಲ್ಲಿ ಒಂದೇ ಇದ್ದರೂ ಉಚ್ಚಾರದಲ್ಲಿ ಬೇರೆಯಾಗುವ ಪದಗಳು ಉಳಿದಿವೆ, ಮತ್ತು ನಮ್ಮವರಿಗೆ ಇವು ಹೆಚ್ಚು ಕಷ್ಟ. ರೆಕಾರ್ಡ್, ಪರ್ಮಿಟ್, ಪ್ರೊಟೆಸ್ಟ್ ಮೊದಲಾದವು ಹೆಸರಾದಾಗ ಒತ್ತು ಮೊದಲ ಉಚ್ಚಾರಾಂಶದ ಮೇಲೆ, ಕ್ರಿಯೆಯಾದಾಗ ಎರಡನೆಯದರ ಮೇಲೆ ಬೀಳುತ್ತದೆ. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗುವ ಪದ್ಧತಿ ಇಲ್ಲವಾದ್ದರಿಂದ ಇದನ್ನು ಬಾಯಿಂದ ಬಾಯಿಗೆ, ಹೇಳಿಸಿ ಹೇಳಿಸಿಯೇ ಕಲಿಸಬೇಕು. ಯೂಸ್ ಎಂಬ ಪದದ ವಿಷಯ ಇನ್ನೂ ಸೂಕ್ಷ್ಮ: ಉಪಯೋಗ ಎಂಬ ಹೆಸರಾದಾಗ ಕೊನೆಯಲ್ಲಿ ಸಕಾರ, ಉಪಯೋಗಿಸು ಎಂಬ ಕ್ರಿಯೆಯಾದಾಗ ಕೊನೆಯಲ್ಲಿ ಘೋಷ ಧ್ವನಿ, ಕನ್ನಡದಲ್ಲಿ ಚುಕ್ಕೆ ಇಟ್ಟು ಜ಼ ಎಂದು ಬರೆಯುವಂಥದ್ದು. ಹೌಸ್, ಎಕ್ಸ್‌ಕ್ಯೂಸ್ ಪದಗಳಲ್ಲೂ ಇದೇ ಭೇದವಿದೆ. ಅಡ್ವೈಸ್ ಎಂಬುದರಲ್ಲಿ ಕಾಗುಣಿತವೂ ಬದಲಾಗುತ್ತದೆ. ಕನ್ನಡದ ಮಕ್ಕಳ ಬಾಯಲ್ಲಿ ಈ ಧ್ವನಿ ಸಹಜವಾಗಿ ಇಲ್ಲ, ಅವರು ಎರಡನ್ನೂ ‘ಯೂಸ್’ ಎಂದೇ ಹೇಳುತ್ತಾರೆ. ಆದರೆ ರಾಯಚೂರು, ಬಳ್ಳಾರಿ, ಕೊಪ್ಪಳದ ಶಾಲೆಗಳಲ್ಲಿ ಉರ್ದು ಮನೆಮಾತಿನ ಮಕ್ಕಳು ಪಕ್ಕದ ಬೆಂಚಿನಲ್ಲೇ ಕೂತಿರುತ್ತಾರೆ. ಜ಼ಮೀನ್, ಬಾಜ಼ಾರ್ ಎಂದು ದಿನವೂ ಆಡುವ ಅವರಿಗೆ ಈ ಧ್ವನಿ ಹೊಸದಲ್ಲ. ಅವರನ್ನು ಎದ್ದು ನಿಲ್ಲಿಸಿ ಒಮ್ಮೆ ‘ಜ಼ಮೀನ್’, ಒಮ್ಮೆ ‘ಯೂಜ಼್’ ಎಂದು ಹೇಳಿಸಿ, ಉಳಿದವರು ಕೇಳಿ ಹೇಳುವಂತೆ ಮಾಡಿದರೆ, ನಾವು ಅರ್ಧ ಗಂಟೆ ಕಪ್ಪು ಹಲಗೆಯ ಮೇಲೆ ವಿವರಿಸುವುದಕ್ಕಿಂತ ಅದು ಬೇಗ ಕಿವಿಗೆ ಹತ್ತುತ್ತದೆ.